ಬೇಲಿಯ ಈಚೆಯ ಅಡುಗೆ

ದನದ ಬೇಲಿಯ ಗೇಟು ಇನ್ನೊಂದು ಕೂಗಳತೆ ಇದೆ ಅನ್ನುವಾಗ ಒಟೆಂಗ್‌ಗೆ ಲಾರಿಯ ಐಸ್ ಪೆಟ್ಟಿಗೆಯಲ್ಲಿದ್ದ ಮಾಂಸ ನೆನಪಾಯಿತು. ಡ್ರೈವರ್ ಮೊತಿಬಿಯ ಹೆಗಲು ಹಿಡಿದು ಅಲ್ಲಾಡಿಸಿದ. ಲಾರಿ ಮರಳು ಕೆದರುತ್ತ ಮುಳ್ಳುಮರವೊಂದರ ಕೆಳಗೆ ನಿಂತಿತು. ಹಿಂದೆ ತೂಕಡಿಸುತ್ತಿದ್ದ ಪ್ರವಾಸಿಗಳು ಆನೆ ಬಂತೇನೋ ಎಂದು ಕ್ಯಾಮೆರಾ ತಡಕಾಡಿದರು.

"ಹಸಿ ಮಾಂಸ ಅಣ್ಣಾ! ರಾತ್ರಿ ಅಡುಗೆಗೆ ಅಂತ ತಗೊಂಡಿದ್ದೆ. ಈ ಗೇಟಿನ ವಿಷ್ಯಾನೇ ಮರ್ತೋಯ್ತು."

ಕಾಲುಬಾಯಿ ರೋಗದ ಭಯಕ್ಕೆ ಬೇಲಿಯಾಚೆ ಹಸಿ ಮಾಂಸದ ಚೂರೂ ಹೋಗುವಂತಿಲ್ಲ. ಬೆಂದದ್ದಾದರೆ ಅಡ್ಡಿಯಿಲ್ಲ. ಸಫಾರಿ ಲಾರಿಯ ಅಡುಗೆಯವನು ಇದನ್ನು ಮರೆಯುವುದೆಂದರೆ ಉಪ್ಪು ಮರೆತಂತೆಯೇ.

"ಹಿಂದೆ ಕೂತಿರೋ ಹೆಲ್ಗಾ ಅಜ್ಜಿ ಹಾಸಿಗೆ ಸುರುಳೀಲಿ ತುರುಕು. ಅದನ್ನ ಯಾರೂ ಬಿಚ್ಚಿ ನೋಡಲ್ಲ" ಎಂದ ಮೊತಿಬಿ.

"ಗೇಟಲ್ಲಿ ಇವತ್ತು ಯಾರಿರೋದು ಗೊತ್ತಾ? ಸೆಲೆಲೊ. ಕೆನೇಲ್ವೆ ಬೆಳಿಗ್ಗೇನೇ ಫೋನಲ್ಲಿ ಹೇಳಿದ್ಲು, ಆದ್ರೂ ತಲೇಲಿ ಉಳೀಲಿಲ್ಲ."

ಮೊತಿಬಿ ಸ್ಟೀರಿಂಗ್ ಮೇಲೆ ಹಣೆಯಿಟ್ಟು ನಕ್ಕ. "ಹೋಗಿ ಹೋಗಿ ಹುಡುಗಿಯ ಸೋದರಮಾವನ ಬಾಗಿಲಲ್ಲೇ ಸಿಕ್ಕಾಕ್ಕೊಂಡ್ಯಲ್ಲೋ!"

ಕೆನೇಲ್ವೆಯನ್ನು ಮದುವೆಗೆ ಕೇಳಲು ಒಟೆಂಗ್‌ನ ದೊಡ್ಡಪ್ಪಂದಿರು ಹೋಗಿ ಬಂದದ್ದು ಒಂದೆರಡು ಸಲವಲ್ಲ. ಇಂಥ ಮಾತಿಗೆ ಹಿರಿಯರೇ ಹೋಗಬೇಕು, ಹುಡುಗ ಮುಖ ತೋರಿಸುವಂತಿಲ್ಲ. ಹುಡುಗಿಯ ಅಪ್ಪ ಒಪ್ಪಿಯಾಗಿತ್ತು, ಆದರೆ ಸೋದರಮಾವ ಹೂಂ ಅನ್ನದೆ ಯಾವ ಮದುವೆಯೂ ನಡೆಯದು. ಸೆಲೆಲೊ ಪ್ರತಿ ಸಲವೂ ಚಹಾ ಕುಡಿಸಿ, ಮಳೆ, ಬೆಳೆ, ದನ, ಕರು ಎಲ್ಲ ವಿಚಾರಿಸಿ, ಕೊನೆಗೆ "ನೋಡೋಣ" ಎಂದು ಕಳಿಸಿದ್ದ.

ಒಟೆಂಗ್ ಲಾರಿಯ ನೆತ್ತಿಯಿಂದ ಸೌದೆ ಇಳಿಸಿ, ಮೂರು ಕಾಲಿನ ಕಬ್ಬಿಣದ ಪಾತ್ರೆಯನ್ನು ಅಲ್ಲೇ ದಾರಿಯ ಬದಿಗೆ ಹೂಡಿ, ಮಾಂಸಕ್ಕೆ ನೀರು ಎರೆದ. ಹೊಗೆ ಏಳುವುದೇ ತಡ, ಗೇಟಿನ ಕಡೆಯಿಂದ ಖಾಕಿ ಟೋಪಿಯೊಂದು ನಿಧಾನಕ್ಕೆ ನಡೆದು ಬಂತು. ಒಟೆಂಗ್ ಕುರ್ಚಿ ಬಿಡಿಸಿಕೊಟ್ಟ. ಸೆಲೆಲೊ ಅದರಲ್ಲಿ ಕೂತು, ಒಟೆಂಗ್‌ನ ಅಂಗಿಯ ಮೇಲಿನ ಹೆಸರನ್ನು ಓದಿ, ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಓಹೋ, ಆ ಒಟೆಂಗ್ ನೀನೇನಾ! ಹುಡುಗ ಪ್ರವಾಸದ ಕಂಪ್ನೀಲಿದ್ದಾನೆ ಅಂದಿದ್ರು. ಬಿಳಿಯರಿಗೆ ಮೊಟ್ಟೆ ಹುರಿದು ಕೊಡ್ತಾನೆ ಅಂತ ನಿಮ್ಮ ದೊಡ್ಡಪ್ಪ ಬಾಯೇ ಬಿಡ್ಲಿಲ್ಲ."

"ಮೊಟ್ಟೆ ಬೆಳಿಗ್ಗೆ ಮಾತ್ರ, ಯಜಮಾನ್ರೇ."

"ಕುಟ್ಟೋ ಮಾಂಸಕ್ಕೆ ಉಪ್ಪೊಂದೇ ತಾನೆ? ಈರುಳ್ಳಿ, ಗೀರುಳ್ಳಿ?"

"ಛೇ, ಎಲ್ಲಾದ್ರೂ ಉಂಟಾ!" ಎನ್ನುತ್ತ ಒಟೆಂಗ್ ಮಸಾಲೆ ಡಬ್ಬಿಯನ್ನು ಕಾಲಿನಿಂದಲೇ ಲಾರಿಯಡಿಗೆ ತಳ್ಳಿದ.

ಬಿಸಿಲು ವಾಲಿತು. ಮಾಂಸ ಬೆಂದು, ನೀರು ಇಂಗಿ, ಇನ್ನು ಕುಟ್ಟಿ ಎಳೆಎಳೆ ಮಾಡುವುದಷ್ಟೇ ಬಾಕಿ ಉಳಿಯಿತು. ವಾಸನೆಗೆ ಪ್ರವಾಸಿಗಳು ಎದ್ದು ಬಂದು, ತೊಳೆದ ತಟ್ಟೆಗಳನ್ನು ಗಾಳಿಯಲ್ಲಿ ಬೀಸುತ್ತ ಸಾಲಾಗಿ ನಿಂತರು.

"ಇವ್ರೇನು ನೊಣ ಓಡಿಸ್ತಿದ್ದಾರಾ?" ಎಂದ ಸೆಲೆಲೊ.

"ತಟ್ಟೆ ಒಣಗಿಸ್ತಿದ್ದಾರೆ. ಬಟ್ಟೇಲಿ ಒರೆಸಿದ್ರೆ ಹೊಟ್ಟೆ ಕೆಡುತ್ತಂತೆ, ನಮ್ಮ ಲಾರೀಲಿ ಹಾಗೆ ಒರೆಸೋ ಹಾಗಿಲ್ಲ."

ಸೆಲೆಲೊ ಎದ್ದು ನಿಂತು, ಬೆಲ್ಟು ಸಡಿಲಿಸಿಕೊಂಡ. ಹಿರಿಯನಿಗೆ ಬಡಿಸದೆ ಬೇರೆಯವರಿಗೆ ಸೌಟು ಚಾಚುವುದು ಈ ಸೀಮೆಯಲ್ಲಿ ಎಲ್ಲೂ ಇಲ್ಲ. ಪ್ರವಾಸಿಗಳು ತಿಂದ ಮೇಲೆಯೇ ಮಿಕ್ಕವರು ಎಂಬುದು ಲಾರಿಯ ಕಾನೂನು. ಮೊತಿಬಿ ಒಟೆಂಗ್‌ನ ಕಿವಿಯ ಹತ್ತಿರ ಬಾಗಿದ.

"ಯಾರಿಗೆ ಮೊದ್ಲು ಬಡಿಸ್ತೀಯೋ? ಮಾವನಿಗೆ ಬಡಿಸಿದ್ರೆ ಕೆಲ್ಸ ಹೋಗುತ್ತೆ, ಇವ್ರಿಗೆ ಬಡಿಸಿದ್ರೆ ಹುಡುಗಿ ಹೋಗ್ತಾಳೆ. ನಾನಂತೂ ಹೊಟ್ಟೆ ತುಂಬ ನೋಡ್ತೀನಿ."

ಒಟೆಂಗ್ ಕೈಲಿದ್ದ ಸೌಟು ಕೆಳಗಿಟ್ಟು, ಕುಟ್ಟುವ ಕೋಲನ್ನು ತೆಗೆದು, ಬಲ ಮೊಣಕೈಗೆ ಎಡಗೈ ಆನಿಸಿ, ಮಂಡಿ ಸ್ವಲ್ಪ ಬಗ್ಗಿಸಿ ಮರ್ಯಾದೆಯಿಂದ ಸೆಲೆಲೊಗೆ ನೀಡಿದ.

"ಕುಟ್ಟೋದಕ್ಕೆ ಹಿರಿಯರ ಕೈ ಬೇಕು, ಯಜಮಾನ್ರೇ. ನನಗೆ ಇನ್ನೂ ಹದ ಸಿಕ್ಕಿಲ್ಲ."

ಮದುವೆ ಮನೆಯಲ್ಲಿ ಮಾಂಸ ಕುಟ್ಟುವುದು ಮನೆಯ ಗಂಡಸರು. ಕುಟ್ಟಿದವರು ಬಂದವರೆಲ್ಲ ಉಂಡ ಮೇಲೆಯೇ ಉಣ್ಣುವುದು.

"ಮದುವೆ ಮನೇಲಿ ಕೊಡೋ ಕೋಲನ್ನ ದಾರಿಬದೀಲಿ ಕೊಡ್ತೀಯೇನೋ, ಕಿಲಾಡಿ?" ಸೆಲೆಲೊ ಕೋಲನ್ನೂ ಹುಡುಗನನ್ನೂ ನೋಡಿದ. ಆಮೇಲೆ ಟೋಪಿ ತೆಗೆದು ಮೊತಿಬಿಯ ಕೈಗಿಟ್ಟ. ಅಂಗಿಯ ತೋಳು ಮಡಿಸಿ, ಕೋಲು ಇಸಿದುಕೊಂಡು ಕುಟ್ಟತೊಡಗಿದ. ಒಟೆಂಗ್ ಪಾತ್ರೆಯ ಅಂಚಿನಿಂದ ಬಡಿಸುತ್ತ ಹೋದ. ತಟ್ಟೆಗಳು ಒಂದೊಂದಾಗಿ ಮುಂದೆ ಬಂದವು. ಅಷ್ಟರಲ್ಲಿ ಸೆಲೆಲೊನ ದನಿ ಏರಿತು.

"ಏನು ಪಾತ್ರೆನೋ ಇದು? ಕೋಲಾಡಿಸೋಕೇ ಜಾಗ ಇಲ್ಲ! ನಮ್ಮ ಕಡೆಯಿಂದ ಎಷ್ಟು ಜನ ಬರ್ತಾರೆ ಅನ್ನೋ ಅಂದಾಜಾದ್ರೂ ಇದ್ಯಾ ನಿಂಗೆ? ಇದು ನಮ್ಮ ತಂಗಿ ಮನೆಯೋರಿಗೇ ಸಾಲಲ್ಲ. ಅವತ್ತು ದೊಡ್ಡದು ತರ್ಬೇಕು, ದೊಡ್ಡದು! ನಿಮ್ಮ ದೊಡ್ಡಪ್ಪಂಗೆ ಹೇಳು. ಅಥವಾ ಅದನ್ನೂ ನಾನೇ ಹೇಳ್ಬೇಕಾ?"

ಒಟೆಂಗ್‌ನ ಸೌಟು ಗಾಳಿಯಲ್ಲೇ ನಿಂತಿತು. ಮುಂದಿದ್ದ ಹೆಲ್ಗಾ ಅಜ್ಜಿಗೆ ಭಾಷೆ ತಿಳಿಯದು. ಆಕೆ ತಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದೆ ಅಡಗಿಸಿಕೊಂಡಳು.

"ಸಾಹೇಬರಿಗೆ ತುಂಬ ಕೋಪ ಬಂದ ಹಾಗಿದೆ. ನಮ್ಮಿಂದ ಏನಾದ್ರೂ ತಪ್ಪಾಯ್ತಾ?"

"ಇಲ್ಲ ಅಜ್ಜಿ" ಎಂದ ಒಟೆಂಗ್. ಹೊಗೆಗೋ ಏನೋ, ಅವನ ಕಣ್ಣು ಒದ್ದೆಯಾಗಿತ್ತು. "ಬೈಲಿ ಬಿಡಿ. ಇನ್ನೂ ಒಂದಿಷ್ಟು ಬೈಲಿ."