ದುರ್ಬೀನು ಬೇಡದ ಕೋವಿ

ಅಬು ಗಾನಿಮ್ ಅಂಗಡಿಯೊಳಗೆ ಕಾಲಿಟ್ಟದ್ದು ಫಾಯಿಝ್‌ನ ಭುಜವನ್ನು ಬಿಗಿಯಾಗಿ ಹಿಡಿದುಕೊಂಡೇ. ಕಳ್ಳನನ್ನು ಠಾಣೆಗೆ ತಂದ ಹಾಗಿತ್ತು. ಕೌಂಟರಿನ ಹಿಂದಿದ್ದ ಮಾರಿಸ್ ಹುಬ್ಬೇರಿಸಿದ. ಅವನು ಮಂಗಳೂರಿನವನು, ಕತಾರಿನ ಸೂಕ್ ವಾಕಿಫ್ ಪೇಟೆಯ ಹಿಂದಿನ ಗಲ್ಲಿಯಲ್ಲಿ ಬೇಟೆ ಸಾಮಾನಿನ ಅಂಗಡಿ ನೋಡಿಕೊಳ್ಳುತ್ತಿದ್ದ.

“ಎಂತ ಮಾರಾಯ, ಊರಿಗೆ ಹೋಗ್ಲಿಲ್ವಾ ಇನ್ನೂ?” ಎಂದ ಕನ್ನಡದಲ್ಲಿ.

“ಬಿಡ್ಬೇಕಲ್ಲ,” ಎಂದ ಫಾಯಿಝ್, ತುಟಿ ಅಲ್ಲಾಡಿಸದೆ.

ಭುಜದ ಮೇಲಿನ ಬೆರಳುಗಳು ಇನ್ನಷ್ಟು ಬಿಗಿದವು. “ಅರಬ್ಬಿಯಲ್ಲಿ ಮಾತಾಡು. ಯಾರಿದ್ದಾರೆ ಅಂತ ನನಗೂ ಗೊತ್ತಾಗಲಿ,” ಎಂದರು ಅಬು ಗಾನಿಮ್, ಫಾಯಿಝ್‌ನ ಅರಬಾಬ್, ಅಂದರೆ ಧಣಿ.

ಫಾಯಿಝ್ ಅವರ ಡ್ರೈವರ್. ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು. ಅವರು ಒಪ್ಪಿ ಸಹಿ ಹಾಕದೆ ಕತಾರ್ ಬಿಟ್ಟು ಹೊರಡುವಂತಿರಲಿಲ್ಲ. ಅತ್ತ ಉಪ್ಪಿನಂಗಡಿಯಲ್ಲಿ ತಂಗಿ ಶೈಮಾಳ ನಿಕಾಹ್ ಎರಡು ಸಲ ಮುಂದಕ್ಕೆ ಹೋಗಿತ್ತು. ತಂದೆಯಿಲ್ಲದ ಮನೆ, ಅಣ್ಣನೇ ನಿಂತು ನಡೆಸಿಕೊಡಬೇಕು. ಇನ್ನು ಕಾಯುವುದಿಲ್ಲ ಎಂದು ಹುಡುಗನ ಕಡೆಯವರು ಹೇಳಿಕಳಿಸಿದ್ದರು. ಫಾಯಿಝ್ ರಜೆ ಕೇಳಿದಾಗಲೆಲ್ಲ ಅರಬಾಬ್ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು. “ಮಾಫಿ”, ಅಂದರೆ ಇಲ್ಲ.

ಮೊದಲು ಅವರು ಹೀಗಿರಲಿಲ್ಲ. ಈಚೆಗೆ ಅಡುಗೆಯವನನ್ನು ಕಳಿಸಿಬಿಟ್ಟರು, ಕಾವಲಿನವನನ್ನೂ ಕಳಿಸಿಬಿಟ್ಟರು. ಫಾಯಿಝ್‌ನನ್ನು ಮಾತ್ರ ಒಂದು ಗಳಿಗೆ ಅತ್ತಿತ್ತ ಬಿಡರು. ಅವನು ಸುಮ್ಮನೆ ನಿಂತರೂ ಸಾಕು, “ಎಲ್ಲಿದ್ದೀ? ಏನು ಮಾಡ್ತಿದ್ದೀ?” ಎಂದು ಗದರುವರು. ಹೋದ ವಾರ ಅವನು ತರಕಾರಿ ತರುವ ನೆಪ ಹೇಳಿ ಹೋಗಿ, ಕಾರ್ಮಿಕರ ಕಚೇರಿಯಲ್ಲಿ ದೂರು ಕೊಟ್ಟು ಬಂದಿದ್ದ. ಅದು ಅರಬಾಬ್ ಕಿವಿಗೆ ಬಿತ್ತೇ? ಇವತ್ತು ಬೆಳಿಗ್ಗೆ ಇದ್ದಕ್ಕಿದ್ದಂತೆ “ಯಲ್ಲಾ, ಕೋವಿ ಕೊಳ್ಳಬೇಕು” ಎಂದಾಗಿನಿಂದ ಅವನು ಅದನ್ನೇ ಯೋಚಿಸುತ್ತಿದ್ದ.

ಮಾರಿಸ್ ಎರಡು ರೈಫಲ್ ತಂದಿಟ್ಟ. ಒಂದು ಯುರೋಪಿನ ಕಾರ್ಖಾನೆಯಿಂದ ಈಗಷ್ಟೇ ಬಂದದ್ದು. ಕನ್ನಡಿಯಂತೆ ಹೊಳೆಯುವ ಮರ, ಮೇಲೆ ದುರ್ಬೀನು. ಇನ್ನೊಂದು ಯಾವುದೋ ಸೈನ್ಯ ಬೇಡವೆಂದು ಮಾರಿದ ಹಳೆಯ ಮಾಲು. ಮರದ ತುಂಬ ಗೀರು, ಎಣ್ಣೆಯ ಕಮಟು ವಾಸನೆ.

“ಹೊಸದು ತಗೊಳ್ಳಿ,” ಎಂದ ಮಾರಿಸ್ ಅರಬ್ಬಿಯಲ್ಲಿ. “ಗುರಿ ತಪ್ಪೋದೇ ಇಲ್ಲ. ಹಳೇದರ ನಳಿಗೆ ಎಷ್ಟು ಸವೆದಿದೆಯೋ, ಯಾರ ಕೈಯಲ್ಲಿ ಏನೇನು ಕಂಡಿದೆಯೋ.”

“ಹೊಸದೇ ಒಳ್ಳೆಯದು ಅರಬಾಬ್,” ಎಂದ ಫಾಯಿಝ್. “ದುರ್ಬೀನಲ್ಲಿ ದೂರದ ಮೊಲವೂ ಕಾಣುತ್ತೆ.”

“ನನಗೆ ಬೇಕಾದ್ದಕ್ಕೆ ದುರ್ಬೀನು ಬೇಡ.”

ಅವರು ಹಳೆಯದನ್ನು ಎತ್ತಿಕೊಂಡರು. ಬೋಲ್ಟನ್ನು ಹಿಂದಕ್ಕೆಳೆದು ಕಳಚಿದರು, ಬೆರಳಿನಿಂದ ಒರೆಸಿದರು, ಮತ್ತೆ ಕೂಡಿಸಿದರು. ಅಷ್ಟು ಹೊತ್ತೂ ಅವರ ಕಣ್ಣು ಕೋವಿಯ ಮೇಲಿರಲಿಲ್ಲ. ಫಾಯಿಝ್ ಮಾತಾಡಿದ ಕಡೆಗೆ ನೆಟ್ಟಿತ್ತು.

“ಹುಡುಗನಾಗಿದ್ದಾಗ ಇಂಥದ್ದನ್ನೇ ಹಿಡಿದು ಕಾವಲು ಕಾದವನು ನಾನು,” ಎಂದರು. “ಇದು ನನಗೆ ಗೊತ್ತು. ಅದು ಗೊತ್ತಿಲ್ಲ. ಖಲಾಸ್.”

“ಮರುಭೂಮಿಯ ಬೇಟೆ ಕ್ಯಾಂಪಿಗಾ?” ಎಂದ ಮಾರಿಸ್.

“ಮುಂದಿನ ವಾರ ಮಕ್ಕಳೆಲ್ಲ ಬರ್ತಾರೆ. ಪ್ರತಿ ಚಳಿಗಾಲ ಮೊದಲ ಗುಂಡು ನನ್ನದೇ.” ಅಬು ಗಾನಿಮ್ ಮತ್ತೆ ಫಾಯಿಝ್‌ನ ಭುಜ ಹಿಡಿದರು. “ಅದಕ್ಕಿಂತ ಮೊದಲು ಇವನ ಜೊತೆ ಒಂದು ಕೆಲಸ ಇದೆ.”

ಹೊರಡುವಾಗ ಮಾರಿಸ್‌ನ ಮುಖದಲ್ಲಿ ನಗುವಿರಲಿಲ್ಲ.

ಅಲ್ ವುಕೈರ್ ಊರು ದಾಟಿದ ಮೇಲೆ ಡಾಂಬರು ಮುಗಿಯಿತು. ಒಂಟಿ ಬಂಡೆ ಕಂಡಲ್ಲಿ ಕಾರು ನಿಲ್ಲಿಸು ಎಂದು ಅರಬಾಬ್ ಮೊದಲೇ ಹೇಳಿದ್ದರು; ಫಾಯಿಝ್ ನಿಲ್ಲಿಸಿದ.

“ಸುತ್ತ ಯಾರಾದರೂ ಇದ್ದಾರಾ?”

“ಯಾರೂ ಇಲ್ಲ.”

“ಚೆನ್ನಾಗಿ ನೋಡು.”

ಬಿಸಿಲು, ಮರಳು. ನೊಣವೂ ಇರಲಿಲ್ಲ. “ಇಲ್ಲ ಅರಬಾಬ್.”

“ಬಂಡೆಯ ಮೇಲೆ ಒಂದು ಡಬ್ಬಿ ಇಡು. ಪಕ್ಕದಲ್ಲಿ ನಿಂತುಕೋ.”

“ಪಕ್ಕದಲ್ಲೇ?”

“ಪಕ್ಕದಲ್ಲೇ. ಮಾತಾಡ್ತಾ ಇರು, ನಿಲ್ಲಿಸಬೇಡ. ಏನೂ ತೋಚದಿದ್ದರೆ ಗೊತ್ತಿರುವ ಕುರಾನಿನ ಸೂರಾ ಓದು.”

ಸಾಯುವವನಿಗೆ ಹೇಳುವ ಮಾತು. ಕಾರಿನ ಕೀಲಿಯನ್ನು ಅವರು ಆಗಲೇ ಕೇಳಿ ಜೇಬಿಗೆ ಹಾಕಿಕೊಂಡಿದ್ದರು. ಓಡಿದರೆ ಬೆನ್ನಿಗೆ ಗುಂಡು, ಓಡದಿದ್ದರೆ ಎದೆಗೆ. ಫಾಯಿಝ್ ಬಂಡೆಯ ಮೇಲೆ ಡಬ್ಬಿ ಇಟ್ಟು, ಪಕ್ಕದಲ್ಲಿ ನಿಂತು ಓದತೊಡಗಿದ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು. ಬೋಲ್ಟ್ ಮುಚ್ಚಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ನಳಿಗೆ ಮೆಲ್ಲಗೆ ಎದ್ದಿತು, ತುಸು ತಡಕಾಡಿತು, ಅವನ ನೇರಕ್ಕೆ ಬಂದು ನಿಂತಿತು.

ಅವನ ಬಾಯಿ ಕಟ್ಟಿತು.

ಹೆತ್ತ ಉಮ್ಮ ಕಣ್ಣೆದುರು ಬಂದಳು. ಶೈಮಾ ಬಂದಳು. ಇವರ ಕೈಯಲ್ಲಿ ಕುರಿಯ ಹಾಗೆ ಸಾಯಬಾರದು ಅನ್ನಿಸಿತು. ಚಪ್ಪಲಿ ಕಳಚಿ, ಉಸಿರು ಹಿಡಿದು, ಒಂದು ಹೆಜ್ಜೆ ಪಕ್ಕಕ್ಕಿಟ್ಟ. ಗುಂಡು ಬರಲಿಲ್ಲ. ಇನ್ನೊಂದು ಹೆಜ್ಜೆ. ನಳಿಗೆ ಅವನ ಹಿಂದೆ ತಿರುಗಲಿಲ್ಲ, ಬಂಡೆಯನ್ನೇ ನೋಡುತ್ತಿತ್ತು. ಬಳಸಿಕೊಂಡು ಹೋಗಿ ಕೋವಿ ಕಸಿದುಕೊಳ್ಳುವುದೆಂದು ಅವನು ಮರಳಿನ ಮೇಲೆ ಬರಿಗಾಲಲ್ಲಿ ಬಂದ. ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಕೈ ಎತ್ತಿದ.

ಅಬು ಗಾನಿಮ್ ರೆಪ್ಪೆ ಮಿಟುಕಿಸಲಿಲ್ಲ.

“ಫಾಯಿಝ್, ಯಾಕೆ ನಿಲ್ಲಿಸಿದೆ?” ಎಂದು ಅವರು ಬಂಡೆಯತ್ತ ಕೂಗಿದರು. ಆ ದನಿ ನಡುಗಿದ್ದನ್ನು ಅವನು ಹಿಂದೆಂದೂ ಕೇಳಿರಲಿಲ್ಲ. “ಮಾತಾಡು ಮಗನೇ. ನಿನ್ನ ದನಿ ಇಲ್ಲದೆ ನಾನು ಗುರಿ ಹೇಗೆ ಹಿಡಿಯಲಿ? ಮಕ್ಕಳ ಮುಂದೆ ಒಂದೇ ಒಂದು ಗುಂಡು ಸರಿಯಾಗಿ ಬೀಳಲಿ, ಸಾಕು. ಆಮೇಲೆ ನೀನು ಊರಿಗೆ ಹೋಗು, ತಂಗಿಯ ನಿಕಾಹ್ ಮಾಡಿ ಬಾ. ನನ್ನ ದೊಡ್ಡ ಮಗ ಗಾನಿಮ್‌ಗೆ ಮಾತ್ರ ಹೇಳಬೇಡ. ಗೊತ್ತಾದರೆ ಮಕ್ಕಳು ನನ್ನನ್ನು ಮನೆಯೊಳಗೆ ಕೂಡಿಹಾಕಿಬಿಡ್ತಾರೆ.”

ಉತ್ತರಕ್ಕಾಗಿ ಅವರು ದೂರದ ಬಂಡೆಯತ್ತ ಕಿವಿಗೊಟ್ಟು ಕಾದರು. ಫಾಯಿಝ್ ನಡುಹಗಲ ಬಿಸಿಲಿನಲ್ಲಿ ಅವರೆದುರಿಗೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದ.