ಗಾಜಿನ ಡಬ್ಬಿಗೆ ಕಿವಿಯಿಟ್ಟಾಗ

“ಒಂದು ನಿಮಿಷ ಯಾರೂ ಮಾತಾಡ್ಬೇಡಿ,” ಎನ್ನುತ್ತಾ ಅಕ್ಕ ಮೇಜಿನ ಮೇಲೆ ಓಡುತ್ತಿದ್ದ ಎರಡು ಕಂಪ್ಯೂಟರ್ ಡಬ್ಬಿಗಳಲ್ಲಿ ಮೊದಲನೆಯದರತ್ತ ಬಗ್ಗಿ ಕಿವಿಯಿಟ್ಟಳು. ಅಂಗಡಿಯವನು ತೆರೆದ ಬಾಯಿ ಮುಚ್ಚಿದ. ತಮ್ಮ ಅವಳ ಪಕ್ಕದಲ್ಲೇ ನಿಂತಿದ್ದ.

ಅಕ್ಕನಿಗೆ ಹುಟ್ಟಿನಿಂದ ಕಣ್ಣು ಕಾಣದು. ಕಂಪ್ಯೂಟರ್ ಆಟಗಳನ್ನು ಅವಳು ಆಡುವುದು ಕಿವಿಯಿಂದಲೇ. ಹಿಂದಿನಿಂದ ಬರುವ ಎದುರಾಳಿಯ ಹೆಜ್ಜೆ ಕೇಳಿಸಿದರೆ ಗೆದ್ದಳು, ಇಲ್ಲದಿದ್ದರೆ ಕಥೆ ಮುಗಿಯಿತು. ಇಬ್ಬರೂ ಸೇರಿ ಜೋಡಿಸಲಿದ್ದ ಹೊಸ ಕಂಪ್ಯೂಟರಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲವನ್ನೂ ತಮ್ಮನ ಇಷ್ಟಕ್ಕೇ ಬಿಟ್ಟವಳು ಕೇಳಿದ್ದು ಒಂದೇ: ಫ್ಯಾನು ಗದ್ದಲ ಮಾಡಬಾರದು. ಆದರೆ ಅದಕ್ಕೆ ತಮ್ಮ ಮನಸ್ಸಿನಲ್ಲೇ ಆರಿಸಿಕೊಂಡಿದ್ದು ಬಣ್ಣಬಣ್ಣದ ದೀಪ ಕುಣಿಯುವ ಗಾಜಿನ ಡಬ್ಬಿಯನ್ನು. ಬರೀ ಆನ್ ಆಗಿದ್ದಾಗ ಅದರ ಫ್ಯಾನುಗಳು ಬಲು ಸಾಧು. ಆಟ ಶುರುವಾಯಿತೋ, ಹಿಟ್ಟಿನ ಗಿರಣಿಯೇ. “ಆಟ ಹಾಕದೆ ತೋರಿಸಿ” ಎಂದು ಅವನು ಮೊಬೈಲಿನಲ್ಲಿ ಟೈಪ್ ಮಾಡಿ, ಸದ್ದಿಲ್ಲದೆ ಅಂಗಡಿಯವನ ಮುಖಕ್ಕೆ ಹಿಡಿದಿದ್ದ.

ಈಗ ಅಕ್ಕ ಗಾಜಿನ ಡಬ್ಬಿಗೆ ಕೆನ್ನೆ ಆನಿಸಿದಳು. ಕೆಂಪು, ನೀಲಿ, ಹಸಿರು ಅವಳ ಮುಖದ ಮೇಲೆ ಹರಿದಾಡಿದವು. ತುಂಬ ಹೊತ್ತು ಅವಳು ಕದಲಲೇ ಇಲ್ಲ.

“ಎರಡೂ ಒಂದೇ ಥರ ಇವೆ ಕಣೋ,” ಎಂದಳು ಕೊನೆಗೆ. ಅಂಗಡಿಯವನ ಮುಖ ಅರಳಿತು. “ಆದ್ರೆ ನೀನ್ಯಾಕೋ ಆಗಿಂದ ಉಸಿರು ಬಿಗಿಹಿಡ್ಕೊಂಡು ನಿಂತಿದ್ದೀಯ?”

ತಮ್ಮ ಉಸಿರು ಬಿಟ್ಟ. ಮೊಬೈಲನ್ನು ಜೇಬಿಗೆ ತುರುಕಿ, ಅಂಗಡಿಯವನಿಗೆ ಈ ಸಲ ಬಾಯಿಬಿಟ್ಟೇ ಹೇಳಿದ:

“ಆಟ ಹಾಕಿ ಸರ್. ಅಕ್ಕ ಕೇಳಿಸ್ಕೊಳ್ಳಲಿ.”