ಪಾಳೇಗಾರನ ಹಾಲುತುಪ್ಪ

ಬಂಡಳ್ಳಿಯ ಪೆಟ್ಟಿಗೆ ಅಂಗಡಿಯ ಮುಂದೆ ಬಾಳೆಹಣ್ಣಿನ ಚಿಪ್ಪು ಕೈಯಲ್ಲಿ ಹಿಡಿದಿದ್ದ ಗುರುಬಸಮ್ಮ ಹಾಗೇ ನಿಂತುಬಿಟ್ಟಳು. ತಕ್ಕಡಿಯ ಪಕ್ಕ, ಮಡಚಿಟ್ಟ ಗೋಣಿಚೀಲದ ಮೇಲೆ, ಕಾರ್ತಿಕದಲ್ಲಿ ಸತ್ತುಹೋಗಿದ್ದ ಅವಳ ಬೆಕ್ಕು ಕಾಲು ಚಾಚಿ ಮಲಗಿತ್ತು. ಅರ್ಧ ಹರಿದ ಎಡಗಿವಿ, ತುದಿಯಲ್ಲಿ ಸೊಟ್ಟಗಾದ ಬಾಲ, ಮೂತಿಯ ಮೇಲೆ ಅಡ್ಡ ಗಾಯದ ಗೆರೆ. ಇಂಥ ರೂಪ ಇನ್ನೊಂದು ಬೆಕ್ಕಿಗೆ ಇರಲು ಸಾಧ್ಯವೇ ಇರಲಿಲ್ಲ. "ಪಾಳೇಗಾರ" ಎಂದಳು ಮೆಲ್ಲಗೆ. ಅದು ಒಂದು ಕಣ್ಣು ತೆರೆದು ನೋಡಿ, ಎದ್ದು ಬಂದು ಅವಳ ಮುಂಗೈಗೆ ತಲೆ ಗುದ್ದಿತು.

ಅಂಗಡಿಯ ಪುಟ್ಟಮಾದಮ್ಮನಿಗೆ ಮಾತಾಡಲು ಇಷ್ಟೇ ನೆಪ ಸಾಕಾಗಿತ್ತು. ಯಾರೋ ಪುಣ್ಯಾತ್ಮ ಚೀಲದ ಬಾಯಿ ಕಟ್ಟಿ ಕೆರೆ ಏರಿಯ ಮೇಲೆ ಬಿಟ್ಟುಹೋಗಿದ್ದನಂತೆ. ಚೀಲ ಪರಪರ ಹರಿದುಕೊಂಡು ಹೊರಗೆ ಬಂದ ಬೆಕ್ಕು ನೆಟ್ಟಗೆ ಅವಳ ಅಂಗಡಿಗೇ ನುಗ್ಗಿತಂತೆ. ಬಾಳೆಗೊನೆಗೆ ಕೈ ಹಾಕಿದ ಕೋತಿಯ ಕೆನ್ನೆಗೆ ಎಂಥ ಏಟು ಕೊಟ್ಟಿತೆಂದರೆ, ಅವತ್ತಿಂದ ಆ ಗುಂಪು ಈ ಬೀದಿಗೇ ಇಳಿದಿಲ್ಲವಂತೆ. ಹೇಳುವಾಗ ಅವಳಿಗೆ ತನ್ನ ಮಗ ಕುಸ್ತಿ ಗೆದ್ದಷ್ಟು ಹೆಮ್ಮೆ.

ಗುರುಬಸಮ್ಮನಿಗೆ ಇದೇನು ಹೊಸದಲ್ಲ. ತಮ್ಮೂರು ಹೊನ್ನೂರಿನಲ್ಲಿ ಇದೇ ಬೆಕ್ಕು ಭತ್ತದ ಮೂಟೆಗಳ ಮೇಲೆ ಮಲಗಿದರೆ ಇಲಿಗಳು ಪಕ್ಕದ ಮನೆಗೆ ವಲಸೆ ಹೋಗುತ್ತಿದ್ದವು. ಬೀದಿಯ ಕೆಂದ ನಾಯಿ ಒಂದು ಸಲ ಇದರ ಕಿವಿ ಹರಿದದ್ದೇನೋ ನಿಜ, ಆದರೆ ಆಮೇಲೆ ಆ ನಾಯಿ ಇವರ ಮನೆ ಬಂದರೆ ಬಾಲ ಮುದುರಿ ಎದುರು ಸಾಲಿಗೆ ದಾಟುತ್ತಿತ್ತು. ಅವಳಿಗೆ ಜ್ವರ ಬಂದ ದಿನಗಳಲ್ಲಿ ಮಾತ್ರ ಆ ಪೋಕರಿ ಎಲ್ಲಿಗೂ ಹೋಗದೆ ಹಾಸಿಗೆಯ ಕಾಲ ಬುಡದಲ್ಲಿ ಗುರುಗುಡುತ್ತ ಬಿದ್ದಿರುತ್ತಿತ್ತು.

ಅದು ಸತ್ತಿತೆಂದು ಹೇಳಿದವನು ಗಂಡ ರುದ್ರಸ್ವಾಮಿ. ಅವಳು ಮಗಳ ಮನೆಗೆ ಹೋಗಿದ್ದಾಗ ನಾಯಿಗಳೆಲ್ಲ ಸೇರಿ ಕಚ್ಚಿ ಹಾಕಿದವು, ನೋಡಬಾರದ ಹಾಗಿತ್ತು, ನಾನೇ ತೆಂಗಿನ ತೋಟದಲ್ಲಿ ಹೂತೆ ಎಂದಿದ್ದ. ಅವಳು ಅತ್ತು ಅತ್ತು ಆ ಗುಡ್ಡೆಗೆ ವಿಭೂತಿ ಹಚ್ಚಿದ್ದಳು. ಮೂರನೇ ದಿನ, ಮನುಷ್ಯರಿಗೆ ಬಿಡುವ ಹಾಗೇ, ಹಾಲುತುಪ್ಪ ಬಿಟ್ಟಿದ್ದಳು. ಬೀದಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು. ಈ ಮಹಾರಾಯ ಮಾತ್ರ ನಗದೆ, ಪಕ್ಕದಲ್ಲೇ ನಿಂತು ಕೈ ಮುಗಿದಿದ್ದ.

ಈಗ ಅವನು ರಸ್ತೆಯಾಚೆ ಸ್ಕೂಟರಿಗೆ ಒರಗಿ, ಯಾವತ್ತೂ ಮರ ಕಾಣದವನ ಹಾಗೆ ಹುಣಸೆಮರ ನೋಡುತ್ತಿದ್ದ. ನೆಂಟರ ಮನೆಯ ಗೃಹಪ್ರವೇಶಕ್ಕೆ ಹಣ್ಣು ಮುಂದಿನ ಊರಿನಲ್ಲಿ ತಗೊಳ್ಳೋಣ ಎಂದು ಅವನು ಒಂದೇ ಸಮ ಹೇಳಿದ್ದು ಯಾಕೆಂದು ಅವಳಿಗೆ ಈಗ ಹೊಳೆಯಿತು. ಮೈಯೆಲ್ಲ ಉರಿಯಿತು. ಚಿಪ್ಪನ್ನು ತಕ್ಕಡಿಯ ಮೇಲೆ ಕುಕ್ಕಿ, ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಡಿಯ ಬೆಂಚಿನ ಮೇಲೆ ಕೂತು, ಅವನನ್ನು ಅಂಗಡಿಯ ಮುಂದಕ್ಕೇ ಕರೆದಳು.

"ಆ ಗುಡ್ಡೆ ಒಳಗೆ ಏನದೆ?"

"ಏನೂ ಇಲ್ಲ ಕಣಮ್ಮಿ. ಬರೀ ಮಣ್ಣು."

ಆಮೇಲೆ ತಾನಾಗಿಯೇ ಎಲ್ಲ ಒದರಿದ. ಮಠದ ಸ್ವಾಮಿಗಳು ಪಾದಪೂಜೆಗೆ ಬಂದ ದಿನ ಈ ಬೆಕ್ಕು ಎಲ್ಲಿಂದಲೋ ಕೋಳಿಕಾಲು ಕಚ್ಚಿ ತಂದು ಅವರ ಮಣೆಯ ಮುಂದೆಯೇ ಇಟ್ಟಿತ್ತು. ಊರವರ ಎದುರು ಮಾನ ಹೋಗಿತ್ತು. ಬೆಕ್ಕನ್ನು ಕೊಂದ ಪಾಪ ಬೇಡವೆಂದು ಇಷ್ಟು ದೂರ ತಂದು ಬಿಟ್ಟಿದ್ದ.

"ಹೇಳಿದ್ರೆ ನೀನು ಒಪ್ತಿದ್ಯಾ?" ಎಂದ ಕೊನೆಗೆ.

"ಒಪ್ತಿರ್ನಿಲ್ಲ. ಜಗಳ ಆಡ್ತಿದ್ದೆ. ಜಗಳ ತಪ್ಪುಸ್ಕಳಕೆ ಬದುಕಿರ ಜೀವಕ್ಕೆ ನನ್ ಕೈಲಿ ಹಾಲುತುಪ್ಪ ಬುಡುಸ್ದ್ರಾ? ಪಕ್ಕದಲ್ಲಿ ನಿಂತ್ಕಂಡು ಕೈ ಬ್ಯಾರೆ ಮುಗ್ದ್ರಲ್ಲ."

ಜನ ತಿರುಗಿ ನೋಡತೊಡಗಿದ್ದರು. ರುದ್ರಸ್ವಾಮಿ ದನಿ ತಗ್ಗಿಸಿ, ಆದದ್ದು ಆಯಿತು, ಮನೆಗೆ ತಗೊಂಡು ಹೋಗೋಣ ಎನ್ನುತ್ತ ಬೆಕ್ಕಿನ ಕಡೆಗೆ ಕೈ ಚಾಚಿದ. ಬೆಕ್ಕು ಬುಸ್ಸೆಂದು ಅವನ ಮಣಿಕಟ್ಟಿನಿಂದ ಬೆರಳಿನವರೆಗೂ ಗೀರಿತು. ರಕ್ತ ಬಂತು. ಪುಟ್ಟಮಾದಮ್ಮ ಅರಿಸಿನ ಹುಡುಕಲು ಒಳಗೆ ಓಡಿದಳು. ಗುರುಬಸಮ್ಮ ಕೂತ ಜಾಗದಿಂದ ಅಲ್ಲಾಡಲಿಲ್ಲ. ಬೆಕ್ಕಿನ ಹರಿದ ಕಿವಿಯನ್ನು ಸವರುತ್ತಲೇ ಇದ್ದಳು.

ಅರಿಸಿನ ತಂದ ಪುಟ್ಟಮಾದಮ್ಮ ಮುಖ ಸಣ್ಣಗೆ ಮಾಡಿಕೊಂಡು, ನಿಮ್ಮದೇ ಆದರೆ ತಗೊಂಡು ಹೋಗಿ ಎಂದಳು.

"ಬ್ಯಾಡ ಕನವ್ವ, ನಿನ್ ತಾವೇ ಇರ್ಲಿ. ಇವ್ರ ಕೈಲಿ ಒಂದ್ಸಲ ಸತ್ತಿದ್ದೇ ಸಾಕು" ಎಂದು ಗುರುಬಸಮ್ಮ ಎದ್ದಳು.

ಬೆಕ್ಕು ಮತ್ತೆ ಗೋಣಿಯ ಮೇಲೆ ಹೋಗಿ ಮಲಗಿತು. ಗಂಡ ಹೆಂಡತಿ ರಸ್ತೆ ದಾಟಿದರು. ಸ್ಕೂಟರಿನ ಹತ್ತಿರ ಬಂದರೂ ಅವಳು ಹತ್ತಲಿಲ್ಲ. ಹೋದ ವರ್ಷ ಮೈಸೂರಿನ ಆಸ್ಪತ್ರೆಯಲ್ಲಿ ಅವಳ ತಾಯಿ ತೀರಿಕೊಂಡಾಗ ಹತ್ತಿರ ಇದ್ದವನು ಇವನೊಬ್ಬನೇ. ನಿದ್ದೆಯಲ್ಲೇ ಹೋದರು, ನೋವಿರಲಿಲ್ಲ, ಯಾರನ್ನೂ ಕೇಳಲಿಲ್ಲ ಎಂದು ಬಂದು ಹೇಳಿದ್ದ. ಕೊನೆಗಳಿಗೆಯಲ್ಲಿ ತಾನಿರಲಿಲ್ಲವೆಂಬ ಸಂಕಟವನ್ನು ಅವಳು ಆ ಮಾತು ನಂಬಿಯೇ ನುಂಗಿಕೊಂಡಿದ್ದಳು.

"ನಮ್ಮವ್ವ ನನ್ನ ಕೇಳ್ನಿಲ್ಲ ಅಂದ್ರಲ್ಲ" ಎಂದಳು. ಈಗ ಅವಳ ದನಿ ಏರಿರಲಿಲ್ಲ. "ಅದಾದ್ರೂ ದಿಟವಾ?"

ರುದ್ರಸ್ವಾಮಿ ಗಾಡಿಯ ಕೀ ಹುಡುಕುತ್ತ ಅಂಗಿಯ ಜೇಬು ತಡಕಿದ, ಪ್ಯಾಂಟಿನ ಜೇಬು ತಡಕಿದ, ಮತ್ತೆ ಅಂಗಿಯ ಜೇಬಿಗೇ ಕೈ ಹಾಕಿದ. ಕೀ ಗಾಡಿಯಲ್ಲೇ ಇತ್ತು.